ಕರುವಿಗೆ ಹಾಲು ಬಿಡಿಸುವುದು ಯಾವಾಗ?

ಎರಡು ತಿಂಗಳಾದ ಜರ್ಸಿ ಮಿಶ್ರತಳಿ ಕರುವಿಗೆ ಹಾಲು ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ತಿಂಗಳು ಎಣಿಸಬೇಡಿ, ಅದು ತಿನ್ನುವುದನ್ನು ನೋಡಿ. ಸತತ ಮೂರು ದಿನ, ದಿನಕ್ಕೆ ಸುಮಾರು 1 ಕೆ.ಜಿ. ಕರುಹಿಂಡಿ (ಕರುಗಳಿಗೆಂದೇ ಮಾಡಿದ ಧಾನ್ಯದ ಹಿಂಡಿ) ತಿಂದರೆ ಮಾತ್ರ ಬಿಡಿಸಿ. ಸಾಮಾನ್ಯವಾಗಿ 8ರಿಂದ 12 ವಾರ ಬೇಕು. ಮೆಲುಕುಹೊಟ್ಟೆಯನ್ನು (ಮೇವು ಕರಗಿಸುವ ಮೊದಲ ದೊಡ್ಡ ಹೊಟ್ಟೆ) ಬೆಳೆಸುವುದು ಹಾಲಲ್ಲ, ಹಿಂಡಿಯ ಧಾನ್ಯ ಒಳಗೆ ಹುಳಿತಾಗ ಹುಟ್ಟುವ ಆಮ್ಲಗಳು. ಹಾಗಾಗಿ ಎರಡನೇ ವಾರದಿಂದಲೇ ಒಂದು ಹಿಡಿ ಹಿಂಡಿ ಇಡಿ, ಪಕ್ಕದಲ್ಲೇ ಶುದ್ಧ ನೀರು. ನೀರಿಲ್ಲದಿದ್ದರೆ ಹಿಂಡಿಯನ್ನೂ ಸರಿಯಾಗಿ ಮುಟ್ಟದು. ಹಾಲನ್ನು 10–14 ದಿನಗಳಲ್ಲಿ ನಿಧಾನಕ್ಕೆ ಇಳಿಸಿ. ಹಾಲಿನ ಸೊಸೈಟಿಗೆ ಎರಡು ಲೀಟರ್ ಹೆಚ್ಚು ಹಾಕುವ ಆಸೆಗೆ ತಟ್ಟನೆ ನಿಲ್ಲಿಸಿ ಬರೀ ಬೈಹುಲ್ಲು ಹಾಕಿದರೆ ಹೊಟ್ಟೆ ಜೋತುಬಿದ್ದು, ಪಕ್ಕೆಲುಬು ಎದ್ದು, ರೋಮ ಒರಟಾಗುತ್ತದೆ. ಅಂಥ ಕಡಸು ಬೆದೆಗೆ ಬರುವುದೂ ತಡ. ಭೇದಿಯಿದ್ದರೆ ವಾಸಿಯಾಗುವ ತನಕ ಮುಂದೂಡಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಹಟ್ಟಿಯ (ಕೊಟ್ಟಿಗೆಯ) ನೆಲ ಒದ್ದೆಯಿದ್ದರೆ ಮೊದಲು ಒಣಹುಲ್ಲು ಹಾಸಿ.