ಗಿಯೋನ್ ಹಬ್ಬದ ಬೀದಿ ಚಿತ್ರಗಳಿಗೆ ಎಲ್ಲಿ ನಿಲ್ಲಬೇಕು?

ಗಿಯೋನ್ ಹಬ್ಬದ ಜುಲೈ 17ರ ತೇರಿನ ಮೆರವಣಿಗೆಗೆ ಜಪಾನಿನ ಕ್ಯೋಟೋದಲ್ಲಿರುತ್ತೇನೆ, ಎಲ್ಲಿ ನಿಂತರೆ ಒಳ್ಳೆಯ ಚಿತ್ರ ಸಿಗುತ್ತದೆ, ದೂರದ್ದನ್ನು ಹತ್ತಿರ ತೋರುವ ಟೆಲಿ ಲೆನ್ಸ್ ತರಬೇಕೇ ಎಂದು ಕೇಳಿದ್ದೀರಿ. ಟೆಲಿ ಲೆನ್ಸ್ ಮನೆಯಲ್ಲೇ ಇರಲಿ. ಆಗುವುದಾದರೆ ನೀವೇ ಒಂದು ವಾರ ಮೊದಲು ಬನ್ನಿ. ನಾನು ಒಸಾಕಾದಲ್ಲಿ ಕೆಲಸದಲ್ಲಿರುವವನು, ಜುಲೈ ಬಂತೆಂದರೆ ರಜೆ ಹಾಕಿ ಆ ಬೀದಿಗಳಿಗೆ ಹೋಗುತ್ತೇನೆ. ಮೆರವಣಿಗೆ ಹೊರಡುವ ಹೊತ್ತಿಗೆ ನನ್ನ ಪಾಲಿನ ಹಬ್ಬ ಅರ್ಧ ಮುಗಿದಿರುತ್ತದೆ.

ಸುಮಾರು 10ನೇ ತಾರೀಖಿನಿಂದ ಶಿಜೋ, ಮುರೊಮಾಚಿ ಬೀದಿಗಳಲ್ಲಿ ತೇರು ಕಟ್ಟಲು ಶುರುಮಾಡುತ್ತಾರೆ. ‘ಹೊಕೊ’ ಎನ್ನುವ ದೊಡ್ಡ ತೇರುಗಳು 25 ಮೀಟರ್ ಎತ್ತರದವರೆಗೂ ಹೋಗುತ್ತವೆ, ತೂಕ 12 ಟನ್ ಮುಟ್ಟುತ್ತದೆ. ಆದರೆ ಚೌಕಟ್ಟಿಗೆ ಒಂದು ಮೊಳೆಯೂ ಇಲ್ಲ, ಎಲ್ಲವೂ ಹುಲ್ಲಿನ ಹಗ್ಗದ ಕಟ್ಟು. ಸುತ್ತಿದ ಹಗ್ಗವನ್ನು ಬಡಿದು ಬಿಗಿಮಾಡುವಾಗ ಹುಲ್ಲಿನ ಚೂರು ಬೆವರಿದ ಮೊಣಕೈಗೆ ಅಂಟಿಕೊಳ್ಳುತ್ತದೆ. ನಾನು ಕಾಯುವುದು ಆ ಕೈಗಳಿಗೆ. ಅವರ ದಾರಿಗೆ ಅಡ್ಡ ಬರದಿದ್ದರೆ ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ. ತೇರಿನ ಮೈಗೆ ಹೊದಿಸುವ ಬಟ್ಟೆಯನ್ನೂ ನೋಡಿ: 16ನೇ ಶತಮಾನದ ಬೆಲ್ಜಿಯಂ ನೇಯ್ಗೆ, ದಖ್ಖನಿನದೆಂದು ವಿದ್ವಾಂಸರು ಗುರುತಿಸಿರುವ ರತ್ನಗಂಬಳಿ! ಕೆಲವದರ ಮೂಲವನ್ನು ಜೋಪಾನವಾಗಿ ಒಳಗಿಟ್ಟು ನಕಲನ್ನು ಹೊದಿಸುತ್ತಾರೆ.

14ರಿಂದ 16ರವರೆಗೆ ಸಂಜೆ ತೇರಿನ ಮುಂದೆ ಕಾಗದದ ದೀಪಗಳ ಸಾಲು ಹೊತ್ತುತ್ತದೆ. ಕ್ಯಾಮೆರಾ ಹೇಳುವುದಕ್ಕಿಂತ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟೇ ಬೆಳಕಿಗೆ ತೆಗೆಯಿರಿ, ಇಲ್ಲವಾದರೆ ದೀಪದ ಮೇಲಿನ ಅಕ್ಷರಗಳು ಬೆಳ್ಳಗೆ ಮಾಸಿಹೋಗುತ್ತವೆ. ಟ್ರೈಪಾಡ್ ಮಾತೇ ಬೇಡ, ಆ ನೂಕುನುಗ್ಗಲಿನಲ್ಲಿ ಓಣಿಗಳನ್ನು ಏಕಮುಖ ಮಾಡಿಬಿಡುತ್ತಾರೆ.

17ರಂದು ಎಲ್ಲರೂ ಹೋಗುವುದು ಶಿಜೋ–ಕವಾರಾಮಾಚಿ ವೃತ್ತಕ್ಕೆ. ಗಾಲಿಗೆ ತಿರುವೇ ಇಲ್ಲದ ಕಾರಣ ಸೀಳಿದ ಬಿದಿರು ಹಾಸಿ, ನೀರು ಸುರಿದು, ತೇರನ್ನು ಪಕ್ಕಕ್ಕೆ ಎಳೆದು ಜಾರಿಸುತ್ತಾರೆ. ನೋಡಲು ಸೊಗಸು, ನಿಮ್ಮ ಚಿತ್ರದಲ್ಲಿ ಮಾತ್ರ ಮುಂದಿನವರ ಮೊಬೈಲುಗಳೇ ತುಂಬಿರುತ್ತವೆ. ಅದರ ಬದಲು ತೇರುಗಳು ಮರಳುವ ಶಿನ್‌ಮಾಚಿ ಬೀದಿಯಲ್ಲಿ ನಿಲ್ಲಿ. ಬೀದಿ ಎಷ್ಟು ಇಕ್ಕಟ್ಟೆಂದರೆ ತೇರಿನ ಮಾಡಿನ ಮೇಲೆ ಕುಳಿತವರು ವಿದ್ಯುತ್ ಕಂಬವನ್ನು ಕಾಲಿನಿಂದ ಒದ್ದು ತೇರನ್ನು ದೂರ ಸರಿಸಿಕೊಳ್ಳುತ್ತಾರೆ. ಅಗಲ ನೋಟದ 28 ಎಂ.ಎಂ. ಲೆನ್ಸಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮುಖಗಳ ವಿಷಯದಲ್ಲಿ ಜಾಗ್ರತೆ. ಒಪ್ಪಿಗೆಯಿಲ್ಲದೆ ತನ್ನ ಚಿತ್ರ ತೆಗೆಸಿಕೊಳ್ಳದಿರುವ ಸ್ವಾತಂತ್ರ್ಯವನ್ನು ಜಪಾನಿನ ಸುಪ್ರೀಂ ಕೋರ್ಟ್ 1969ರಲ್ಲೇ ಒಪ್ಪಿಕೊಂಡಿದೆ. ಗುಂಪಿನ ಚಿತ್ರಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಹತ್ತಿರದ ಮುಖ, ಅದರಲ್ಲೂ ಮಕ್ಕಳದ್ದಾದರೆ, ಕ್ಯಾಮೆರಾ ತೋರಿಸಿ ಕೇಳಿ. ಹಾಡು, ನೃತ್ಯದ ಕಲಾವಿದೆಯರಾದ ಗೇಯ್ಶಾಗಳು ಓಡಾಡುವ ಗಿಯೋನ್ ಬಡಾವಣೆಯ ಖಾಸಗಿ ಓಣಿಗಳಲ್ಲಂತೂ ಚಿತ್ರ ತೆಗೆದರೆ 10,000 ಯೆನ್ ಎಂಬ ಫಲಕವೇ ಇದೆ. ಅತ್ತ ಹೋಗುವ ಅಗತ್ಯವೂ ಇಲ್ಲ, ತೇರು ಕಟ್ಟುವುದು ಬೇರೆ ಕಡೆ.

ರಜೆ ಹೊಂದಿಸಲು ಆಗುವುದಾದರೆ 24ರ ಎರಡನೆಯ ಮೆರವಣಿಗೆಗೇ ಬನ್ನಿ. ಮೊದಲನೆಯದರಲ್ಲಿ 23 ತೇರುಗಳಿದ್ದರೆ ಇದರಲ್ಲಿ 11, ಜನವೂ ಅಷ್ಟು ಕಡಿಮೆ; ಹಿಂದಿನ ಸಂಜೆ ಬೀದಿಯಲ್ಲಿ ತಿಂಡಿ ಅಂಗಡಿಗಳ ಗಲಾಟೆ ಇರುವುದಿಲ್ಲ.