ಮಂಚದ ಕೆಳಗಿನ 370 ಪ್ರತಿಗಳು

ಬ್ಯಾಡಗಿ ಹತ್ತಿರದ ಹಳ್ಳಿಯೊಂದರ ಶಾಲಾ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು: "ಹೋದ ವರ್ಷ ನನ್ನ ಮೊದಲ ಕಥಾ ಸಂಕಲನ ತಂದೆ. ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕತೆಗಳು. ಬಂಗಾರ ಅಡವಿಟ್ಟು 500 ಪ್ರತಿ ಮಾಡಿಸಿದೆ. ಬಿಡುಗಡೆ ದಿನ ಸಭಾಂಗಣ ತುಂಬಿತ್ತು. 90 ಗೌರವ ಪ್ರತಿಯಾಗಿ ಹೋದವು, 40 ಮಾರಾಟವಾದವು. ಉಳಿದ 370 ಮಂಚದ ಕೆಳಗಿವೆ. ಮುಂದಿನ ಪುಸ್ತಕಕ್ಕೆ ದೊಡ್ಡವರ ಕೈಲಿ ಮುನ್ನುಡಿ ಬರೆಸಲಾ? ದಿನಾ ರೀಲ್ಸ್ ಹಾಕಲಾ? ಇಲ್ಲಾ ಕನ್ನಡದಲ್ಲಿ ಓದುವವರೇ ಇಲ್ವಾ ಸರ್?"

ನಿಮ್ಮ ಕಡೆ ಮಕ್ಕಳು ಕರೆಯುವ ಹಾಗೆಯೇ ಕರೆಯುತ್ತೇನೆ. ಅಕ್ಕೋರೇ, ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಬಿಡುಗಡೆ ದಿನ ಬಂದ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳ ಬಗ್ಗೆ ವಿವರವಾಗಿ ಬರೆದಿದ್ದೀರಿ. ಮೆಣಸಿನಕಾಯಿ ಬಿಡಿಸುವವರು ಒಬ್ಬರಾದರೂ ಬಂದಿದ್ದರಾ? ಆ ಮಾತೇ ಪತ್ರದಲ್ಲಿಲ್ಲ. ತಪ್ಪು ಹುಡುಕುವುದಕ್ಕೆ ಕೇಳುತ್ತಿಲ್ಲ. ನಾವೆಲ್ಲ ಹಾಗೇ ಮಾಡುತ್ತೇವೆ. ಪುಸ್ತಕ ಬರೆಯುವುದು ಒಬ್ಬರ ಬಗ್ಗೆ, ಕರೆಯುವುದು ಇನ್ನೊಬ್ಬರನ್ನು.

ಓದುವವರೇ ಇಲ್ವಾ ಎಂದು ಕೇಳಿದಿರಿ. ಈ ಪ್ರಶ್ನೆಗೆ ನಿಮ್ಮ ಜಿಲ್ಲೆಯಲ್ಲೇ ಒಬ್ಬರು ಉತ್ತರ ಕೊಟ್ಟು ಹೋಗಿದ್ದಾರೆ. ಹಾವನೂರಿನಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿ. ಗಳಗನಾಥ ಎಂದರೆ ಎಲ್ಲರಿಗೂ ಗೊತ್ತು. ನಿಮ್ಮ ಹಾಗೆ ಅವರೂ ಸಾಲಿ ಮಾಸ್ತರರಾಗಿದ್ದವರು. ಆಗ ನಿಮ್ಮ ಭಾಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಓದು ಬಲ್ಲವರ ಮನೆಗಳಲ್ಲಿ ಮರಾಠಿಯದೇ ಜೋರು. ಕನ್ನಡ ಕಾದಂಬರಿ ಓದಬೇಕು ಎಂದು ಕಾಯುತ್ತಾ ಕೂತವರು ಯಾರೂ ಇರಲಿಲ್ಲ. ಗಳಗನಾಥರು ಬರೆದರು. ಅಗಡಿಯ ಆನಂದವನ ಆಶ್ರಮದಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ' ಪತ್ರಿಕೆಗೆ ಸಂಪಾದಕರಾಗಿ ದುಡಿದರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆ ಗಂಟನ್ನು ನೆನೆದರೆ ಇವತ್ತಿಗೂ ನನಗೆ ಗಂಟಲು ಕಟ್ಟುತ್ತದೆ. ಇವತ್ತು ಅವರನ್ನು ಕನ್ನಡ ಕಾದಂಬರಿಯ ಪಿತಾಮಹ ಎನ್ನುತ್ತೇವೆ. ಅವತ್ತು ಅವರು ಒಂದು ಮನೆಯ ಕಟ್ಟೆಯಿಂದ ಇನ್ನೊಂದು ಮನೆಯ ಕಟ್ಟೆಗೆ ನಡೆದರು, ಅಷ್ಟೇ. ಓದುಗರು ಹುಟ್ಟಿದ್ದು ಆ ಕಟ್ಟೆಗಳ ಮೇಲೆ.

ನಿಮ್ಮ ಕಟ್ಟೆ ಯಾವುದು? ನನಗೆ ಅನುಮಾನವೇ ಇಲ್ಲ. ಆ ಮೆಣಸಿನಕಾಯಿ ರಾಶಿಯ ಪಕ್ಕದ ಜಾಗ. ಅಲ್ಲಿ ಕೂತವರ ಕೈಗೆ ಬಿಡುವಿಲ್ಲ, ಆದರೆ ಕಿವಿಗೆ ಬಿಡುವಿದೆ. ಒಂದು ಭಾನುವಾರ ಕೆಲಸ ಕೊಡುವವರನ್ನು ಕೇಳಿಕೊಂಡು ಅಲ್ಲಿಗೆ ಹೋಗಿ. ಮೈಕು ಬೇಡ, ಹಾರ ಬೇಡ. ಒಂದೇ ಒಂದು ಕತೆ ಗಟ್ಟಿಯಾಗಿ ಓದಿ. ಅವರಲ್ಲಿ ಎಷ್ಟೋ ಜನಕ್ಕೆ ಓದಲು ಬರಲಿಕ್ಕಿಲ್ಲ. ಪರವಾಗಿಲ್ಲ. ಮನೆಯಲ್ಲಿ ಶಾಲೆಗೆ ಹೋಗುವ ಮಗಳು ಇರುತ್ತಾಳೆ ಅಲ್ವಾ? ಅವಳ ಕೈಗೆ ಪುಸ್ತಕ ಕೊಡಿ. ರಾತ್ರಿ ಅವ್ವನಿಗೆ ಅವಳು ಓದಿ ಹೇಳಲಿ. ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು, ಎಲ್ಲಿ "ಹಿಂಗಲ್ಲ ಬಿಡ್ರಿ ಅಕ್ಕೋರ" ಅಂದರು, ಎಲ್ಲ ಬರೆದಿಟ್ಟುಕೊಳ್ಳಿ.

ಕೆಲವು ವರ್ಷಗಳ ಹಿಂದೆ ನಾವು ಬಸ್ ಕಂಡಕ್ಟರ್ ಒಬ್ಬರ ಬದುಕಿನ ಕತೆ ಹಾಕಿದ್ದೆವು. ಬರೆದವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬಸ್ ಡಿಪೋಗಳಿಂದ ಬಂದವು. ಚಿಲ್ಲರೆ ಲೆಕ್ಕ ತಪ್ಪಿದ ದಿನ ರಾತ್ರಿ ನಿದ್ದೆ ಬಾರದ ಒಂದು ಸನ್ನಿವೇಶ ಅದರಲ್ಲಿತ್ತು. ಎಲ್ಲರೂ ಅದನ್ನೇ ಬರೆದಿದ್ದರು.

ಸಿಕ್ಕ ಓದುಗರನ್ನು ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಇದಕ್ಕೆ ಧಾರವಾಡದ ಕಡೆ ನೋಡಿ. ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ನೆಚ್ಚಿಕೊಂಡಿದ್ದು ಚಂದಾದಾರರನ್ನು. ಚಂದಾ ಕಟ್ಟಿದವರ ಮನೆಗೆ ವರ್ಷ ವರ್ಷ ಪುಸ್ತಕ ಹೋಗುತ್ತಿತ್ತು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಬಂದದ್ದು ಅಲ್ಲಿಂದಲೇ. ಆಗ ಅವರಿಗೆ ವಯಸ್ಸು 23ರ ಆಸುಪಾಸು. ಹೊಸ ಹುಡುಗನ ಪುಸ್ತಕಕ್ಕೂ ಬಾಗಿಲು ತೆರೆಯುವ ಮನೆಗಳು ಮೊದಲೇ ತಯಾರಿದ್ದವು.

ನೀವು ಗ್ರಂಥಮಾಲೆ ಕಟ್ಟಬೇಕಿಲ್ಲ. ಒಂದು ನೋಟ್‌ಬುಕ್ ಸಾಕು. ದುಡ್ಡು ಕೊಟ್ಟು ಪುಸ್ತಕ ಕೊಂಡ ಆ 40 ಜನ ಯಾರು? ನೆನಪು ಮಾಡಿಕೊಂಡು ಹೆಸರು, ಊರು, ಫೋನ್ ನಂಬರ್ ಬರೆಯಿರಿ. ಈ ವಾರ ಐದು ಜನಕ್ಕೆ ಫೋನ್ ಮಾಡಿ. "ಹೇಗಿದೆ?" ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. "ಯಾವ ಕತೆ ಅರ್ಧಕ್ಕೆ ಬಿಟ್ಟಿರಿ?" ಎಂದು ಕೇಳಿ. ಮುಂದಿನ ಪುಸ್ತಕ ಬಂದಾಗ ಮೊದಲ ಸುದ್ದಿ ಇವರಿಗೇ ಹೋಗಬೇಕು.

ಮುನ್ನುಡಿಯ ಚಿಂತೆ ಬಿಡಿ. ದೊಡ್ಡ ಹೆಸರಿನ ಮುನ್ನುಡಿ ನೋಡಿ ಪುಸ್ತಕ ಕೈಗೆತ್ತಿಕೊಳ್ಳುವವರು ಇದ್ದಾರೆ, ಆದರೆ ಎರಡನೇ ಪುಟ ತಿರುಗಿಸುವುದು ನಿಮ್ಮ ಕತೆಗಾಗಿ. ರೀಲ್ಸ್ ಮಾಡಿ, ಬೇಡ ಎನ್ನುವುದಿಲ್ಲ. ನಿಮ್ಮದೇ ದನಿಯಲ್ಲಿ, ನಿಮ್ಮ ಊರಿನ ಮಾತಿನಲ್ಲಿ ಒಂದು ಪ್ಯಾರಾ ಓದಿ ವಾರಕ್ಕೊಂದು ಹಾಕಿದರೆ ಸಾಕು. ಕತೆ ಬರೆಯುವ ಹೊತ್ತನ್ನು ಮಾತ್ರ ಅದಕ್ಕೆ ಕೊಡಬೇಡಿ. ಗೌರವ ಪ್ರತಿಗಳನ್ನು ಇನ್ನು ಮೇಲೆ ವೇದಿಕೆ ಮೇಲೆ ಹಂಚಬೇಡಿ. ನಿಮ್ಮ ತಾಲ್ಲೂಕಿನ ಗ್ರಾಮ ಪಂಚಾಯ್ತಿಗಳ ಅರಿವು ಕೇಂದ್ರಗಳಿಗೆ, ಅಂದರೆ ಹಳ್ಳಿಯ ಗ್ರಂಥಾಲಯಗಳಿಗೆ, ಒಂದೊಂದು ಕೊಡಿ. ಅಲ್ಲಿ ಒಂದು ಪ್ರತಿ ಹತ್ತು ಕೈ ದಾಟಬಹುದು.

ಎರಡನೇ ಪುಸ್ತಕಕ್ಕೆ ಆತುರ ಪಡಬೇಡಿ. ಅದರ ಕತೆಗಳು ಮೊದಲು ಒಂದೊಂದಾಗಿ ಪತ್ರಿಕೆಗಳಲ್ಲಿ, ದೀಪಾವಳಿ ವಿಶೇಷಾಂಕಗಳಲ್ಲಿ ಬರಲಿ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ನೋಡಿ. ಅದರಲ್ಲಿರುವುದು 12 ಕತೆ. ಅವನ್ನು ಅವರು ಬರೆದದ್ದು 1990ರಿಂದ 2023ರವರೆಗೆ. ದೀಪಾ ಭಾಸ್ತಿಯವರ ಅನುವಾದದಲ್ಲಿ ಜಗತ್ತು ಓದುವ ಎಷ್ಟೋ ವರ್ಷ ಮೊದಲೇ ಕನ್ನಡದವರು ಅವರ ಕತೆಗಳನ್ನು ಓದಿದ್ದರು.

ಅಡವಿಟ್ಟ ಬಂಗಾರದ ಮಾತು ನನ್ನ ಮನಸ್ಸಿಂದ ಹೋಗುತ್ತಿಲ್ಲ. ದಯವಿಟ್ಟು ಮೊದಲು ಅದನ್ನು ಬಿಡಿಸಿಕೊಳ್ಳಿ. ಇನ್ನೊಂದು ಪುಸ್ತಕಕ್ಕೆ ಮತ್ತೆ ಅಡವಿಡಬೇಡಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ. ನಿಮ್ಮ ಮೊದಲ ಪುಸ್ತಕ ಆಗಿಹೋಯಿತು. ನಿಮ್ಮ ಹಾಗೆ ಬರೆಯುವ ಗೆಳತಿಯರು ಇದ್ದರೆ ಅವರಿಗಾದರೂ ತಿಳಿಸಿ.

ನನಗೆ ಒಂದು ಪ್ರತಿ ಕಳಿಸಿ. ಗೌರವ ಪ್ರತಿ ಬೇಡ, ದುಡ್ಡು ಕೊಟ್ಟೇ ಕೊಳ್ಳುತ್ತೇನೆ. ಪೇಟೆಗೆ ಹೋಗಿ ಓದಿ ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಆ ಹೆಣ್ಣುಮಕ್ಕಳು ಯಾವ ಕತೆಯಲ್ಲಿ ಏನು ತಪ್ಪು ತೋರಿಸಿದರು ಎಂದು ತಿಳಿಯುವ ಆಸೆ ನನಗಿದೆ.

– ಸಂಪಾದಕ