ಸಂಪಾದಕರ ಉತ್ತರ: ಡೌನಿಗೆ ಯಾರು ಬಂದರು, ಎಲ್ಲಿಂದ ಬಂದರು

ಲಾಸ್ ಏಂಜಲಿಸ್ ನಗರದ ಆಗ್ನೇಯಕ್ಕಿರುವ ಡೌನಿ ಎಂಬ ಉಪನಗರವನ್ನು ಕುರಿತು ನಾವು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ ಪರಿಚಯ ಲೇಖನಕ್ಕೆ, ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ಆಕ್ಷೇಪಗಳು ಎರಡು. ಮೆಕ್ಸಿಕೋದಿಂದ ಜನ ಬಂದು ಸೇರಿದ್ದರಿಂದಲೇ ಹಳೆಯ ನಿವಾಸಿಗಳು ಊರು ಬಿಟ್ಟರು, ಊರಿನ ಮಟ್ಟ ಇಳಿಯಿತು, ಲೇಖಕರು ಸೌಜನ್ಯಕ್ಕೆ ಕಟ್ಟುಬಿದ್ದು ಅದನ್ನು ಬರೆಯಲಿಲ್ಲ ಎಂಬುದು ಮೊದಲನೆಯದು. ಹೆದ್ದಾರಿಯಲ್ಲಿ ಹೋಗುವಾಗ ಫಲಕದ ಮೇಲೆ ಕಂಡು ಮರೆಯಾಗುವ ಇಂಥ ಊರಿನಿಂದ ಕನ್ನಡದ ಓದುಗರಿಗೆ ಆಗಬೇಕಾದದ್ದೇನು ಎಂಬುದು ಎರಡನೆಯದು. ಮೊದಲನೆಯ ಮಾತನ್ನು ಅಲ್ಲಿ ವಾಸಿಸುವ ನಮ್ಮವರು ಅನೇಕರು ಹೇಳುತ್ತಿರುವುದರಿಂದ ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕಾಗಿದೆ.

ಡೌನಿಯ ಜನಸಂಖ್ಯೆ 2020ರ ಗಣತಿಯಂತೆ ಸುಮಾರು 1.14 ಲಕ್ಷ. ಅವರಲ್ಲಿ ನಾಲ್ವರಿಗೆ ಮೂವರು ತಮ್ಮನ್ನು ಹಿಸ್ಪ್ಯಾನಿಕ್, ಎಂದರೆ ಸ್ಪ್ಯಾನಿಷ್ ನುಡಿಯ ನಾಡುಗಳ ಮೂಲದವರು, ಎಂದು ಗುರುತಿಸಿಕೊಂಡಿದ್ದಾರೆ, ಅವರಲ್ಲಿಯೂ ಹೆಚ್ಚಿನವರು ಮೆಕ್ಸಿಕೋ ಮೂಲದವರು. ಈ ಅಂಕಿಯನ್ನು ಮಾತ್ರ ನೋಡಿದರೆ ಪತ್ರಲೇಖಕರ ಊಹೆ ಸಹಜವೆಂದು ತೋರಬಹುದು. ಆದರೆ ಬಂದವರು ಯಾರು, ಎಲ್ಲಿಂದ ಬಂದರು, ಯಾವಾಗ ಬಂದರು ಎಂದು ವಿಚಾರಿಸಿದರೆ ಊಹೆ ನಿಲ್ಲುವುದಿಲ್ಲ. ಈ ನೆಲವನ್ನು 1784ರಲ್ಲಿ ಸ್ಪೇನಿನ ಆಡಳಿತ ಮ್ಯಾನುಯೆಲ್ ನಿಯೆಟೊ ಎಂಬ ಸೈನಿಕನಿಗೆ ಜಾನುವಾರು ಮೇಯಿಸಲು ಬಿಟ್ಟುಕೊಟ್ಟಿತ್ತು. ಕ್ಯಾಲಿಫೋರ್ನಿಯಾ ಅಮೆರಿಕದ ವಶಕ್ಕೆ ಬಂದದ್ದು 1848ರಲ್ಲಿ. ಊರಿಗೆ ಹೆಸರು ಕೊಟ್ಟ ಜಾನ್ ಡೌನಿ ಈ ಜಮೀನನ್ನು ನಿವೇಶನಗಳಾಗಿ ವಿಂಗಡಿಸಿದ್ದು 1873ರ ಸುಮಾರಿಗೆ. ಅಷ್ಟು ಹೊತ್ತಿಗೆ ರಾಜ್ಯದ ಗವರ್ನರ್ ಹುದ್ದೆಯನ್ನೂ ಮುಗಿಸಿದ್ದ ಆತ ಹುಟ್ಟಿದ್ದು ಐರ್ಲೆಂಡಿನಲ್ಲಿ. ಸ್ಥಳೀಯ ಮೂಲನಿವಾಸಿಗಳನ್ನು ಬಿಟ್ಟರೆ ಆ ಊರಿನಲ್ಲಿ ಹಳಬರೆಂದು ಹೇಳಿಕೊಳ್ಳುವ ಹಕ್ಕು ಯಾರಿಗಾದರೂ ಇದೆಯೇ ಎಂಬುದು ಬೇರೆ ಚರ್ಚೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಪತ್ರಲೇಖಕರು ಹೇಳುವ ‘ಹಳೆಯ ನಿವಾಸಿಗಳು’ ಬಂದದ್ದು ಬಹುಪಾಲು ವಿಮಾನ ಕಾರ್ಖಾನೆಯ ಬೆನ್ನು ಹಿಡಿದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಲ್ಟಿ ಕಂಪನಿ ಅಲ್ಲಿ ತರಬೇತಿ ವಿಮಾನಗಳನ್ನು ತಯಾರಿಸಿತು. ಆಮೇಲೆ ನಾರ್ತ್ ಅಮೆರಿಕನ್ ಏವಿಯೇಷನ್ ಬಂತು. 1961ರ ನವೆಂಬರಿನಲ್ಲಿ ನಾಸಾ ಅದೇ ಕಂಪನಿಗೆ ಅಪೊಲೊ ನೌಕೆಯ ಗುತ್ತಿಗೆ ಕೊಟ್ಟಿತು. ಚಂದ್ರನತ್ತ ಗಗನಯಾತ್ರಿಗಳನ್ನು ಕರೆದೊಯ್ದು ಮರಳಿ ತಂದ ಕಮಾಂಡ್ ಮಾಡ್ಯೂಲ್‌ಗಳು ತಯಾರಾದದ್ದು ಡೌನಿಯಲ್ಲಿ. ಆ ದಿನಗಳ ಡೌನಿ ಹೆಚ್ಚುಕಡಿಮೆ ಪೂರ್ತಿಯಾಗಿ ಬಿಳಿಯರ ಊರು. ಅದು ಹಾಗಿದ್ದದ್ದು ತಾನಾಗಿಯೇ ಎಂದು ಭಾವಿಸಬಾರದು. ಲಾಸ್ ಏಂಜಲಿಸ್‌ನ ಉಪನಗರಗಳಲ್ಲಿ ಮನೆಯ ಕ್ರಯಪತ್ರದಲ್ಲಿಯೇ ಬಿಳಿಯರಲ್ಲದವರಿಗೆ ಮಾರಬಾರದೆಂಬ ಷರತ್ತು ಬರೆಯುವ ಪದ್ಧತಿ ಇತ್ತು. ಅಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಿದ ಮೇಲೂ ದಲ್ಲಾಳಿಗಳ ಮತ್ತು ಬ್ಯಾಂಕುಗಳ ಮಟ್ಟದಲ್ಲಿ ಬಾಗಿಲು ಮುಚ್ಚಿಯೇ ಇತ್ತು. ಮನೆ ಮಾರಾಟದಲ್ಲಿ ಭೇದ ಮಾಡಬಾರದೆಂಬ ರಾಜ್ಯದ ಕಾಯ್ದೆಯನ್ನು ಕ್ಯಾಲಿಫೋರ್ನಿಯಾದ ಮತದಾರರು 1964ರಲ್ಲಿ ದೊಡ್ಡ ಬಹುಮತದಿಂದ ತಳ್ಳಿಹಾಕಿದರು. ಮತದಾರರ ಆ ತೀರ್ಪು ನ್ಯಾಯಾಲಯದಲ್ಲಿ ಬಿದ್ದುಹೋಗಿ, 1968ರಲ್ಲಿ ಕೇಂದ್ರದ ಕಾಯ್ದೆ ಬಂದ ಮೇಲೆ ಬಾಗಿಲು ಮೆಲ್ಲಗೆ ತೆರೆಯಿತು.

ತೆರೆದ ಬಾಗಿಲಿನಿಂದ ಬಂದವರು ಗಡಿ ದಾಟಿ ನೇರವಾಗಿ ಡೌನಿಗೆ ನುಗ್ಗಿದವರು ಎಂಬ ಚಿತ್ರವೇ ತಪ್ಪು. ಬಹುಪಾಲು ಕುಟುಂಬಗಳು ಬಂದದ್ದು ಪೂರ್ವ ಲಾಸ್ ಏಂಜಲಿಸ್, ಹಂಟಿಂಗ್ಟನ್ ಪಾರ್ಕ್, ಸೌತ್ ಗೇಟ್ ಮುಂತಾದ ಪಕ್ಕದ ಊರುಗಳಿಂದ. ಸೌತ್ ಗೇಟ್‌ನ ಫೈರ್‌ಸ್ಟೋನ್ ಟೈರ್ ಕಾರ್ಖಾನೆ 1980ರಲ್ಲಿ, ಜನರಲ್ ಮೋಟರ್ಸ್ ಘಟಕ 1982ರಲ್ಲಿ ಮುಚ್ಚಿದವು. ಆ ಸೀಮೆಯಲ್ಲಿ ಬಾಡಿಗೆ ಮನೆಗಳಲ್ಲಿ ಬೆಳೆದು, ಶಾಲೆ ಕಲಿತು, ನೌಕರಿಯೋ ಸಣ್ಣ ವ್ಯಾಪಾರವೋ ಕೈಹತ್ತಿದ ಮೇಲೆ ಹಿತ್ತಲಿರುವ ಸ್ವಂತ ಮನೆ ಬೇಕೆಂದವರಿಗೆ ಡೌನಿ ಹತ್ತಿರದ ಗುರಿಯಾಯಿತು. ಸಿರಿವಂತರ ಊರಾದ ಬೆವರ್ಲಿ ಹಿಲ್ಸ್‌ನ ಹೆಸರು ಸೇರಿಸಿ ‘ಮೆಕ್ಸಿಕನ್ನರ ಬೆವರ್ಲಿ ಹಿಲ್ಸ್’ ಎಂದು ಜನ ಅದನ್ನು ಅರ್ಧ ತಮಾಷೆಗೆ, ಅರ್ಧ ಹೆಮ್ಮೆಯಿಂದ ಕರೆಯುವುದು ಇದೇ ಕಾರಣಕ್ಕೆ. ಅಲ್ಲಿನ ಕುಟುಂಬಗಳ ಆದಾಯ ಸೌತ್ ಗೇಟ್, ಹಂಟಿಂಗ್ಟನ್ ಪಾರ್ಕ್, ಬೆಲ್ ಗಾರ್ಡನ್ಸ್‌ಗಳ ಆದಾಯಕ್ಕಿಂತ ಹೆಚ್ಚು. ಇದನ್ನು ಮಟ್ಟ ಇಳಿಯುವುದೆಂದು ಕರೆಯಲು ನಮಗೆ ಸಾಧ್ಯವಾಗಲಿಲ್ಲ.

ಕಾಲಾನುಕ್ರಮವೂ ಪತ್ರಲೇಖಕರ ಪರವಾಗಿಲ್ಲ. ಹಿಸ್ಪ್ಯಾನಿಕ್ ಜನರ ಪಾಲು 1990ರಲ್ಲಿ ಸುಮಾರು ಮೂರನೇ ಒಂದು ಭಾಗವಿತ್ತು. 2000ದ ಗಣತಿಯ ಹೊತ್ತಿಗೆ ಶೇಕಡ 58, 2010ರಲ್ಲಿ ಶೇಕಡ 71ರ ಸಮೀಪ. ಡೌನಿಯ ವಿಮಾನ ಕಾರ್ಖಾನೆ ಪೂರ್ತಿಯಾಗಿ ಮುಚ್ಚಿದ್ದು 1999ರಲ್ಲಿ. ಎಂದರೆ ಜನ ಬದಲಾದದ್ದು ಬಹುಮಟ್ಟಿಗೆ ಅದು ಬಾಗಿಲು ಹಾಕುವ ಮೊದಲೇ, ಶೀತಲ ಸಮರ ಮುಗಿದು ರಕ್ಷಣಾ ಗುತ್ತಿಗೆಗಳು ಒಣಗಿ ಇಡೀ ಲಾಸ್ ಏಂಜಲಿಸ್ ಸೀಮೆಯ ವಿಮಾನೋದ್ಯಮವೇ ಸೊರಗಿದ ವರ್ಷಗಳಲ್ಲಿ. ಬಿಳಿಯರ ನಿರ್ಗಮನದಲ್ಲಿ ಅಸಹನೆಯ ಪಾಲೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಇತ್ತು, ಆ ಕಾಲದ ಅಮೆರಿಕದ ಯಾವ ಉಪನಗರದಲ್ಲಿಯೂ ಅದು ಇಲ್ಲದಿರಲಿಲ್ಲ. ಆದರೆ ನಿವೃತ್ತರಾದ ದಂಪತಿ ಮನೆ ಮಾರುವುದಕ್ಕೂ ಕೆಲಸ ಕಳೆದುಕೊಂಡ ಎಂಜಿನಿಯರ್ ಊರು ಬಿಡುವುದಕ್ಕೂ ಪಕ್ಕದ ಮನೆಗೆ ಯಾರು ಬಂದರೆಂಬುದೇ ಕಾರಣವಾಗಬೇಕಿಲ್ಲ. ಕಾರ್ಖಾನೆಯ ಜಾಗದಲ್ಲಿ ಈಗ ದೊಡ್ಡ ಆಸ್ಪತ್ರೆಯಿದೆ, ಅಂಗಡಿಗಳ ಸಂಕೀರ್ಣವಿದೆ, ಉದ್ಯಾನವಿದೆ.

ಊರಿನ ರುಚಿ ಹೇಗೆ ಬದಲಾಯಿತೆಂದು ತಿಳಿಯಲು ಮೂರು ತಿಂಡಿ ಅಂಗಡಿಗಳನ್ನು ನೋಡಿದರೆ ಸಾಕು. ಲೇಕ್‌ವುಡ್ ಬೂಲ್‌ವಾರ್ಡ್‌ನಲ್ಲಿ 1953ರಲ್ಲಿ ತೆರೆದ ಮ್ಯಾಕ್‌ಡೊನಾಲ್ಡ್ಸ್ ಇಂದು ಆ ಕಂಪನಿಯ ಉಳಿದಿರುವ ಮಳಿಗೆಗಳಲ್ಲೆಲ್ಲ ಹಳೆಯದು. ಕಟ್ಟಡದ ಎರಡು ಮಗ್ಗುಲಲ್ಲಿ ಚಾವಣಿಯನ್ನು ಸೀಳಿಕೊಂಡು ಹೋಗುವ ಹಳದಿ ಕಮಾನುಗಳು, ರಸ್ತೆಯ ಬದಿಯಲ್ಲಿ ನಿಯಾನ್ ದೀಪದ ಸ್ಪೀಡಿ ಎಂಬ ಅಡುಗೆಯವನು, ಕಿಟಕಿಯ ಬಳಿ ನಿಂತು ಕೇಳಿ ಪಡೆಯುವ ಪದ್ಧತಿ, ಎಲ್ಲವೂ ಅಂದಿನಂತೆಯೇ ಇವೆ. 1994ರ ಭೂಕಂಪದ ನಂತರ ಮುಚ್ಚಿದ್ದ ಅದನ್ನು ಜನ ಗಲಾಟೆ ಮಾಡಿ ಉಳಿಸಿಕೊಂಡರು. ಗ್ಲೆನ್ ಬೆಲ್ ಮೆಕ್ಸಿಕನ್ ಶೈಲಿಯ ತಿಂಡಿ ಮಾರುವ ತನ್ನ ಮೊದಲ ಟಾಕೊ ಬೆಲ್ ಮಳಿಗೆ ತೆರೆದದ್ದೂ ಡೌನಿಯಲ್ಲಿಯೇ, 1962ರಲ್ಲಿ. ಸ್ಯಾನ್ ಬರ್ನಾರ್ಡಿನೊದಲ್ಲಿ ತನ್ನ ಅಂಗಡಿಯ ಎದುರಿದ್ದ ಮಿತ್ಲಾ ಕೆಫೆ ಎಂಬ ಮೆಕ್ಸಿಕನ್ ಹೋಟೆಲನ್ನು ನೋಡಿ ಕಲಿತದ್ದನ್ನು ಆತ ಆಗಿನ ಬಿಳಿಯರ ಡೌನಿಗೆ ಮಾರಿದ. ಆ ಪುಟ್ಟ ಕಟ್ಟಡವನ್ನು 2015ರ ನವೆಂಬರಿನಲ್ಲಿ ಲಾರಿಯ ಮೇಲೆ ಹೇರಿ, ಕಂಪನಿಯ ಕೇಂದ್ರ ಕಚೇರಿಯಿರುವ ಅರ್ವೈನ್‌ಗೆ, ಎಂದರೆ ಪತ್ರಲೇಖಕರ ಊರಿಗೇ, ಸಾಗಿಸಲಾಯಿತು. ಮೆಕ್ಸಿಕೋ ಮೂಲದವರ ಊರಾದ ಡೌನಿಗೆ ಅದರ ಅಗತ್ಯ ಉಳಿದಿರಲಿಲ್ಲವೆಂದು ತಮಾಷೆಗೆ ಹೇಳಬಹುದು. ಇನ್ನೊಂದು 2010ರಲ್ಲಿ ಬಂದ ಪೋರ್ಟೋಸ್ ಬೇಕರಿ. ಕ್ಯೂಬಾದಿಂದ ಬಂದ ರೋಸಾ ಪೋರ್ಟೊ ಕಟ್ಟಿ ಬೆಳೆಸಿದ ಉದ್ಯಮ. ಖೀಮಾ ತುಂಬಿ ಕರಿದ, ನಮ್ಮ ಆಲೂ ಬೋಂಡಾದ ದಾಯಾದಿಯಂತಿರುವ ಅಲ್ಲಿನ ಆಲೂಗಡ್ಡೆಯ ಉಂಡೆಗೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಗಣತಿಯ ಒಂದೇ ಕಲಮಿನಲ್ಲಿ ಸೇರಿಹೋಗುವ ಕ್ಯೂಬಾದವರು, ಮೆಕ್ಸಿಕೋದವರು, ಸಾಲ್ವಡಾರಿನವರು ಊಟದಲ್ಲಿಯೂ ಮತ ಹಾಕುವುದರಲ್ಲಿಯೂ ಒಂದೇ ಅಲ್ಲ.

ಲೇಖನ ಊರನ್ನು ಹೊಗಳಿತೇ ಹೊರತು ಕಷ್ಟ ಹೇಳಲಿಲ್ಲ ಎಂದು ಯಾರಾದರೂ ಬರೆದಿದ್ದರೆ ನಾವು ಹೆಚ್ಚು ಗಂಭೀರವಾಗಿ ಯೋಚಿಸುತ್ತಿದ್ದೆವು. ಮನೆಗಳ ಬೆಲೆ ಈಗ ಅಲ್ಲಿಯೇ ಬೆಳೆದ ಮಕ್ಕಳಿಗೂ ಎಟುಕದಷ್ಟು ಏರಿದೆ. 2025ರ ಜೂನಿನಲ್ಲಿ ಲಾಸ್ ಏಂಜಲಿಸ್ ಸುತ್ತಮುತ್ತ ವಲಸೆ ಅಧಿಕಾರಿಗಳು ದಾಳಿ ನಡೆಸಿದಾಗ, ಡೌನಿಯ ಒಂದು ಚರ್ಚಿನ ವಾಹನ ನಿಲುಗಡೆಯಿಂದಲೂ ವ್ಯಕ್ತಿಯೊಬ್ಬರನ್ನು ಹಿಡಿದೊಯ್ದರು. ಸ್ವಂತ ಮನೆ, ಪೌರತ್ವ, ಎರಡು ಮೂರು ತಲೆಮಾರಿನ ವಾಸ ಇವೆಲ್ಲ ಇರುವ ಬೀದಿಗಳಲ್ಲಿಯೂ ಆ ದಿನಗಳಲ್ಲಿ ಆತಂಕ ಹರಡಿತ್ತು.

ಇನ್ನು ಕನ್ನಡಿಗರಿಗೇನು ಎಂಬ ಪ್ರಶ್ನೆ. ಡೌನಿಯಿಂದ ದಕ್ಷಿಣಕ್ಕೆ ಕೆಲವೇ ಮೈಲಿ ಹೋದರೆ ಆರ್ಟೀಸಿಯಾದ ಪಯೊನಿಯರ್ ಬೂಲ್‌ವಾರ್ಡ್ ಸಿಗುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಭಾರತೀಯರು ಸೀರೆಗೂ ಬೇಳೆಗೂ ಹೋಗುವುದು ಅಲ್ಲಿಗೇ. ಅದಕ್ಕಿಂತ ಹತ್ತಿರದ ನಂಟು ಹಳೆಯ ಕಾರ್ಖಾನೆಯ ಜಾಗದಲ್ಲಿಯೇ ಇದೆ. 2009ರಲ್ಲಿ ಅಲ್ಲಿ ತೆರೆದ ಕೊಲಂಬಿಯಾ ಮೆಮೋರಿಯಲ್ ಸ್ಪೇಸ್ ಸೆಂಟರ್, ಕೊಲಂಬಿಯಾ ಬಾಹ್ಯಾಕಾಶ ನೌಕೆಯ 2003ರ ದುರಂತದಲ್ಲಿ ಮಡಿದ ಏಳು ಗಗನಯಾತ್ರಿಗಳ ಸ್ಮಾರಕ. ಅವರಲ್ಲಿ ಕಲ್ಪನಾ ಚಾವ್ಲಾ ಒಬ್ಬರು. ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಯುವ ಮಹಿಳಾ ವಿಜ್ಞಾನಿಗಳಿಗೆ ಪ್ರಶಸ್ತಿ ಸ್ಥಾಪಿಸಿದ್ದನ್ನು ಓದುಗರು ಬಲ್ಲರು. ಅರ್ವೈನ್‌ನಿಂದ ಅಲ್ಲಿಗೆ ಕಾರಿನಲ್ಲಿ ಹೆಚ್ಚು ದೂರವಿಲ್ಲ. ಪತ್ರಲೇಖಕರು ಮುಂದಿನ ಸಲ ಹೆದ್ದಾರಿಯಿಂದ ಇಳಿದು ಹೋಗಿ ನೋಡಿ ಬಂದು, ಆಮೇಲೂ ಆಕ್ಷೇಪ ಉಳಿದಿದ್ದರೆ ಬರೆಯಲಿ, ಪ್ರಕಟಿಸುತ್ತೇವೆ.